ಉಮಾಶಂಕರನ ಕಂಪ್ಯೂಟರ್ ತಣ್ಣಗಾದದ್ದು

ನೆಲಮಂಗಲ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಆದಿಲಕ್ಷ್ಮಮ್ಮನ ಇಡ್ಲಿ ಹೋಟೆಲಿಗೂ ಮುನಿಸ್ವಾಮಿಯ ಲಾರಿ ಗ್ಯಾರೇಜಿಗೂ ನಡುವೆ ಸಿಕ್ಕಿಕೊಂಡಿದ್ದ ಉಮಾಶಂಕರನ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಕ್ಕೊಂದು ಚಾಳಿ ಇತ್ತು. ಬಿಸಿಲೇರಿ ಅಂಗಡಿಯ ಸೂರಿನ ಶೀಟು ಕಾದಿತೋ ಇಲ್ಲವೋ, ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ತಟಕ್ಕನೆ ನಿಂತುಬಿಡುತ್ತಿತ್ತು. ಪರದೆಯ ಮೇಲಿನ ಅಕ್ಷರಗಳು ಇದ್ದಲ್ಲೇ ಇರುತ್ತಿದ್ದವು. ಯಾವ ಗುಂಡಿ ಕುಟ್ಟಿದರೂ ಕೇಳುತ್ತಿರಲಿಲ್ಲ. ಆರಿಸಿ, ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ಹಾಕಿದರೆ, ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು.

ಮದುವೆ ಪತ್ರಿಕೆ ಟೈಪು ಮಾಡುವಾಗ ನಿಂತರೆ ಪರವಾಗಿರಲಿಲ್ಲ. ಆದರೆ ಅಂಗಡಿಯ ಮುಖ್ಯ ವ್ಯಾಪಾರ ಕಂಪ್ಯೂಟರ್ ಜಾತಕ ಮತ್ತು ಸಾಲಾವಳಿ. ಗಂಡಿನದೂ ಹೆಣ್ಣಿನದೂ ಹುಟ್ಟಿದ ವೇಳೆ, ನಕ್ಷತ್ರ ಹಾಕಿದರೆ ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡಿ ಬಂತು ಅಂತ ಅದು ಹೇಳುತ್ತಿತ್ತು, ನಡುವೆ ನಿಲ್ಲದಿದ್ದರೆ. ನಮ್ಮ ಕಡೆಯ ಜನಕ್ಕೆ ಮದುವೆಗೆ ಮುಂಚೆ ದೇವರ ಹತ್ತಿರ ಹೂ ಕೇಳಿ ಅಭ್ಯಾಸ. ಬಲಗಡೆ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಯಾಕೆ ಬೇಡ ಅಂತ ದೇವರನ್ನು ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ನಿಂತಾಗಲೂ ಅವರು ಕೇಳುತ್ತಿರಲಿಲ್ಲ. "ಕರೆಂಟಿದ್ರೂ ಇದೊಂದೇ ನಿಂತೈತೆ ಅಂದ್ರೆ ಬ್ಯಾಡ ಅಂತಲೇ ಅರ್ಥ. ನಡೀರಿ" ಅಂತ ಎದ್ದು ಹೋಗುತ್ತಿದ್ದರು.

ಅದು ಬಿಸಿಯಾಗಿ ನಿಂತದ್ದು ಅಂತ ಉಮಾಶಂಕರ ಮೊದಮೊದಲು ವಿವರಿಸುತ್ತಿದ್ದ. "ಬ್ಯಾಡದ ಸಂಬಂಧ ಅಂದ್ರೆ ಯಾರಿಗಾದ್ರೂ ಬಿಸಿ ಆಗ್ತದೆ ಕಣಪ್ಪಾ" ಅಂತ ಒಬ್ಬ ಮುದುಕ ಅವನಿಗೇ ಸಮಾಧಾನ ಹೇಳಿ ಹೋದ. ಆಮೇಲೆ ವಿವರಿಸುವುದನ್ನೇ ಬಿಟ್ಟ. ಅವನಿಗೆ ಸುಸ್ತಾಗಿತ್ತು.

ಸುಸ್ತಾಗುವುದಕ್ಕೆ ಬೇರೆ ಕಾರಣವೂ ಇತ್ತು. ಮೂವತ್ನಾಲ್ಕು ತುಂಬಿದರೂ ಮದುವೆ ಕೂಡಿಬಂದಿರಲಿಲ್ಲ. ಹೆಣ್ಣು ನೋಡಲು ಹೋಗಿ ಹೋಗಿ, ಉಪ್ಪಿಟ್ಟು ಕೇಸರಿಬಾತು ಕಂಡರೆ ತಟ್ಟೆ ದೂರ ತಳ್ಳುವ ಹಾಗಾಗಿತ್ತು. ಹೀಗಿರುವಾಗ, ತೊಂಬತ್ತೊಂಬತ್ತನೇ ಇಸವಿಯ ಯುಗಾದಿ ಮುಗಿದ ಮೇಲೆ, ತ್ಯಾಮಗೊಂಡ್ಲು ಕಡೆಯಿಂದ ದೊಡ್ಡಮುನಿಯಪ್ಪ ಎಂಬ ಯಜಮಾನರು ಒಬ್ಬರೇ ಅಂಗಡಿಗೆ ಬಂದರು. ಯಾರದೆಂದು ಹೇಳದೆ ಎರಡು ಹಳೇ ಜಾತಕದ ವಿವರ ಕೊಟ್ಟರು. "ಗಂಡು ಮೃಗಶಿರ. ಹೆಣ್ಣು ರೋಹಿಣಿ, ಕಡ್ಲೆಕಾಯಿ ಕೀಳೋ ಕಾಲ, ಎಮ್ಮೆ ಕರೆಯೋ ಹೊತ್ತು." ಎಮ್ಮೆ ಕರೆಯುವ ಹೊತ್ತನ್ನು ಗಡಿಯಾರದ ಲೆಕ್ಕಕ್ಕೆ ತಿರುಗಿಸುವುದು ಉಮಾಶಂಕರನಿಗೆ ರೂಢಿಯಾಗಿತ್ತು. ಹಾಕಿದ. ಕಂಪ್ಯೂಟರ್ ಅರ್ಧಕ್ಕೇ ನಿಂತಿತು.

ದೊಡ್ಡಮುನಿಯಪ್ಪ ಪರದೆಯನ್ನೇ ದಿಟ್ಟಿಸಿ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಭೇಷ್! ಇಷ್ಟು ನಿಜ ಹೇಳೋ ಮೆಷಿನ್ನ ನಾ ಕಂಡೇ ಇರ್ಲಿಲ್ಲ" ಅಂದರು. ಆಮೇಲೆ, "ನೀನು ಯಾರ ಮಗ? ಮದುವೆ ಆಗೈತಾ?" ಅಂದರು.

ಅವರ ಮಗಳು ರಂಜಿತ. ನೋಡಲು ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಕಂಪ್ಯೂಟರ್ ನೀವು ಹೇಳಿದ ಹಾಗೆ ಕೇಳುತ್ತಾ?"

"ಇಲ್ಲ" ಅಂದ ಉಮಾಶಂಕರ. ಬೇರೆ ಗಂಡಾಗಿದ್ದರೆ ಹೌದು ಅನ್ನುತ್ತಿದ್ದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವತ್ತು ಅವನು ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡು ತಿಂದ. ಆ ನಗು ಮನೆಗೆ ಬಂದರೆ ಸಾಕು, ತನಗೆ ಇನ್ನೇನೂ ಬೇಡ ಅಂತ ಅವನಿಗೆ ನಿಜವಾಗಿ ಅನ್ನಿಸಿತು.

ಆದರೆ ಸಾಲಾವಳಿ ನೋಡಬೇಕಲ್ಲ. ದೊಡ್ಡಮುನಿಯಪ್ಪ ಬೇರೆ ಜೋಯಿಸರನ್ನು ಒಪ್ಪಲಿಲ್ಲ, ಬೇರೆ ಕಂಪ್ಯೂಟರನ್ನೂ ಒಪ್ಪಲಿಲ್ಲ. "ನಿಜ ಹೇಳೋ ಮೆಷಿನ್ನು ಇರೋವಾಗ ಬೇರೆ ಯಾಕೆ? ಒಂದು ದೇವರ ಹತ್ರ ಕೇಳಿ ಇನ್ನೊಂದರ ಹತ್ರ ಹೋಗಬಾರದು." ಮೊದಲ ಸಲ ಕೇಳಿದಾಗ ಅದು ನಿಂತಿತು. "ಹೂವಾದ್ರೂ ಮೂರು ಸಲ ಕೇಳ್ತಾರೆ" ಅಂದರು. ಎರಡನೇ ಸಲವೂ ನಿಂತಿತು. ಮೂರನೆಯದು ಈ ಶುಕ್ರವಾರ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬನ್ನಿ ಅಂತ ಉಮಾಶಂಕರ ಎಷ್ಟು ಬೇಡಿಕೊಂಡರೂ, "ಬೆಳಿಗ್ಗೆ ರಾಹುಕಾಲ. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬತ್ತೀವಿ" ಅಂದುಬಿಟ್ಟರು. ಈ ಸಲವೂ ನಿಂತರೆ ಸೋಲೂರು ಕಡೆಯ ಇನ್ನೊಂದು ಗಂಡು ತಯಾರಾಗಿತ್ತು.

ಕಂಪ್ಯೂಟರನ್ನು ಜೋಡಿಸಿಕೊಟ್ಟಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಮರ್. ಗುರುವಾರ ಸಂಜೆ ಉಮಾಶಂಕರ ಆದಿಲಕ್ಷ್ಮಮ್ಮನ ಹೋಟೆಲಿನ ಒಂದು ರೂಪಾಯಿ ಫೋನಿನಿಂದ ಅವನಿಗೆ ಗೋಳು ತೋಡಿಕೊಂಡಿದ್ದ.

"ಪ್ರೊಸೆಸರ್ ಮೇಲೆ ಅಲ್ಯೂಮಿನಿಯಂದು ಒಂದು ತುಂಡು ಕೂತಿರುತ್ತಲ್ಲ ಗುರು, ಹೀಟ್‌ಸಿಂಕು, ಅದರ ತಳ ಮಟ್ಟವಾಗಿಲ್ಲ" ಅಂದಿದ್ದ ಅಮರ್. "ಕಣ್ಣಿಗೆ ಕಾಣಲ್ಲ, ಆದ್ರೆ ಬರೀ ಗೀರು. ಸರಿಯಾಗಿ ಅಂಟಿಕೊಳ್ಳದೆ ಬಿಸಿ ಅಲ್ಲೇ ಉಳ್ಕೊತಾ ಇದೆ. ಉಪ್ಪುಕಾಗದ ತಗೊಂಡು ಗಾಜಿನ ಮೇಲೆ ಹಾಸು. ನೀರು ಚಿಮುಕಿಸಿ ಉಜ್ಜು. ತರಿಯಿಂದ ಶುರು ಮಾಡಿ ನಯದ್ದಕ್ಕೆ ಬಾ. ತಳದಲ್ಲಿ ನಿನ್ನ ಮುಖ ಕಾಣೋವರೆಗೂ ಬಿಡ್ಬೇಡ."

ಹೀಗೆ ಶುಕ್ರವಾರ ಬೆಳಿಗ್ಗೆ, ಬಣ್ಣದ ಅಂಗಡಿಯಿಂದ ತಂದ ಉಪ್ಪುಕಾಗದದ ಹಾಳೆಗಳನ್ನು ಮುಂದಿಟ್ಟುಕೊಂಡು ಉಮಾಶಂಕರ ಮೇಲಿನ ಪುಟ್ಟ ಫ್ಯಾನು ತೆಗೆದು ಹೀಟ್‌ಸಿಂಕನ್ನು ಬಿಚ್ಚಿದ. ಮೈಸೂರ್ ಪಾಕಿನ ದಪ್ಪ ತುಂಡಿನಷ್ಟಿತ್ತು. ಒಂದು ಕಡೆ ಬಾಚಣಿಗೆಯಂಥ ಹಲ್ಲು, ಇನ್ನೊಂದು ಕಡೆ ಚಪ್ಪಟೆ ತಳ. ಮಟ್ಟವಾದ ಗಾಜು ಎಲ್ಲಿದೆ ಅಂತ ಹುಡುಕಿದರೆ ಅಂಗಡಿಯಲ್ಲಿ ಇದ್ದದ್ದು ಒಂದೇ, ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ಬಿ.ಕಾಂ. ಸರ್ಟಿಫಿಕೇಟಿನದು. ಬಿ.ಕಾಂ. ಓದಿದ್ದು ಅಂತೂ ಒಂದು ದಿನ ಉಪಯೋಗಕ್ಕೆ ಬಂತಲ್ಲ ಅಂದುಕೊಂಡು ಗಾಜನ್ನು ತೆಗೆದು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ನೀರು ಹಾಕಿಕೊಂಡು ಉಜ್ಜತೊಡಗಿದ.

ಬಸ್ ನಿಲ್ದಾಣದ ಎದುರು ಕೂತು ಏನನ್ನಾದರೂ ಉಜ್ಜುವುದು ತಪ್ಪು ಅಂತ ಅವನಿಗೆ ಬೇಗನೇ ಗೊತ್ತಾಯಿತು. ಹೋಗುವವರು ಬರುವವರೆಲ್ಲ ನಿಂತು ಏನದು ಅಂತ ಕೇಳುವವರೇ. ಮೊದಲ ನಾಲ್ಕು ಜನಕ್ಕೆ ವಿವರಿಸಿದ. ಐದನೆಯವರು ಕೈಯಲ್ಲಿ ಚೀಲ ಹಿಡಿದ ಒಬ್ಬ ಹಿರಿಯರು.

"ಏನ್ ಸ್ವಾಮಿ, ಗಂಧ ತೇಯ್ತಾ ಇದ್ದೀರಾ?"

"ಹೂಂ, ಗಂಧ" ಅಂದುಬಿಟ್ಟ ಉಮಾಶಂಕರ.

ಹಿರಿಯರು ಭಕ್ತಿಯಿಂದ ಬಗ್ಗಿ, ಗಾಜಿನ ಮೇಲಿನ ಬೂದು ಕೆಸರಿನಲ್ಲಿ ಬೆರಳದ್ದಿ ಹಣೆಗೆ ಇಟ್ಟುಕೊಂಡು ತುಮಕೂರು ಬಸ್ಸು ಹತ್ತಿದರು. ಅವರನ್ನು ಕೂಗಿ ತಡೆಯುವಷ್ಟು ಶಕ್ತಿ ಉಮಾಶಂಕರನಿಗೆ ಇರಲಿಲ್ಲ.

ಒಂದು ಹಾಳೆ ಸವೆದು ಎರಡನೆಯದಕ್ಕೆ ಬರುವಷ್ಟರಲ್ಲಿ ಆದಿಲಕ್ಷ್ಮಮ್ಮ ಹೋಟೆಲಿನಿಂದ ಕೂಗಿದಳು. "ಶಂಕ್ರಪ್ಪಾ, ಬೆಂಗಳೂರಿಂದ ಫೋನು!" ಅಮರ್ ಮಾಡಿದ್ದ. ಕೊನೆಗೆ ಬಿಸಿ ದಾಟಿಸುವ, ತಾನು ಹಿಂದೆ ಕೊಟ್ಟಿದ್ದ ಬಿಳೀ ಪೇಸ್ಟನ್ನು ತೆಳ್ಳಗೆ ಹಚ್ಚಲು ಮರೆಯಬೇಡ ಅಂದ. ಮಾತು ಮುಗಿಸಿ ಬಂದರೆ ಮೆಟ್ಟಿಲ ಮೇಲೆ ಗಾಜಿತ್ತು, ಹೀಟ್‌ಸಿಂಕ್ ಇರಲಿಲ್ಲ. ಅದು ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ, ಇದೇ ಆದಿಲಕ್ಷ್ಮಮ್ಮನ ಕೈಯಲ್ಲಿತ್ತು. ಫೋನು ಅವನ ಕೈಗೆ ಕೊಟ್ಟವಳೇ ಹೋಗಿ ಎತ್ತಿಕೊಂಡು ಬಂದಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಸೇರಿಸಿ ಗಸಗಸ ತಿಕ್ಕುತ್ತಿದ್ದಳು.

"ಅಯ್ಯೋ ಆದಿಲಕ್ಷ್ಮಕ್ಕಾ!"

"ಕಾಗದದಾಗೆ ಉಜ್ಜಿದ್ರೆ ಎಲ್ಲಾದ್ರೂ ಹೊಳಪು ಬತ್ತದಾ? ನಲ್ಲೂರು ಹುಣಸೆ ಕಣಪ್ಪಾ ಇದು. ಮಸಿ ಹಿಡಿದ ಡಬರಿನೇ ಬೆಳ್ಳಿ ಆಗ್ತದೆ. ಪಾಪ, ಹೆಣ್ಣಿನ ಕಡೆಯೋರು ಬರೋ ದಿನ ಒಂಟಿ ಗಂಡಸು ಪಾತ್ರೆ ತಿಕ್ತಾ ಕೂತಿದ್ರೆ ನೋಡಕ್ಕಾಯ್ತದಾ?"

ಹೊಳಪು ಬಂದಿತ್ತು. ತಳದಲ್ಲಿ ಉತ್ತ ಹೊಲದ ಹಾಗೆ ಗೀರುಗಳೂ ಬಂದಿದ್ದವು. ಬೆಳಗಿನ ಇಡ್ಲಿ ಇವಳ ಕೈಯದೇ ಆದ್ದರಿಂದ ಬೈಯುವ ಹಾಗಿರಲಿಲ್ಲ. ಉಮಾಶಂಕರ ಮತ್ತೆ ಮೊದಲ ಹಾಳೆಯಿಂದ ಶುರುಮಾಡಿದ.

ಅವನ ರಟ್ಟೆ ಬಿದ್ದುಹೋಗುವ ಹೊತ್ತಿಗೆ ಮುನಿಸ್ವಾಮಿ ಗ್ಯಾರೇಜಿನಿಂದ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನ್ ಗುರು ನೀನು! ಲಾರಿ ಇಂಜಿನ್ ಹೆಡ್ಡನ್ನ ಉಜ್ಜಿ ಮಟ್ಟ ಮಾಡಿ ಫೇಸಿಂಗ್ ಹೊಡಿಯೋನು ಪಕ್ಕದಲ್ಲೇ ಇದ್ದೀನಿ. ಇಂಥ ಬೆಣೆ ಎಷ್ಟು ಉಜ್ಜಿಲ್ಲ ನಾನು? ಕೊಡಿಲ್ಲಿ."

"ಬೇಡ ಮುನಿಸ್ವಾಮಿ."

"ಕೊಡು ಗುರು, ಬೀಡಿ ಸೇದಿ ಮುಗಿಸೋವಷ್ಟರಲ್ಲಿ ಕೊಡ್ತೀನಿ."

ತೋಳು ನೋಯುತ್ತಿತ್ತು. ಉಮಾಶಂಕರ ಸೋತು ಕೊಟ್ಟ. "ತಳ ಮಾತ್ರ. ತಳ ಬಿಟ್ಟು ಬೇರೇನೂ ಮುಟ್ಟಬೇಡ" ಅಂತ ಎರಡು ಸಲ ಹೇಳಿದ. ಗ್ಯಾರೇಜಿನಿಂದ ಕಿರ್ರೆಂದು ಸದ್ದು ಬಂತು, ಪುಡಿ ಹಾರಿತು. ಮುನಿಸ್ವಾಮಿ ಹೆಮ್ಮೆಯಿಂದ ತಂದು ಕೊಟ್ಟ. ಹಲ್ಲುಗಳ ತುದಿಯೆಲ್ಲ ಕನ್ನಡಿಯ ಹಾಗೆ ಫಳಫಳ ಅನ್ನುತ್ತಿತ್ತು. ಮೂಲೆಯ ಎರಡು ಹಲ್ಲು ಉದುರಿದ್ದವು. ತಳ ಇದ್ದಂತೆಯೇ ಇತ್ತು.

"ತಳ ಅಂದೆನಲ್ಲೋ!"

"ಮೇಜಿಗೆ ಕಾಲಿರೋ ಕಡೆ ತಾನೇ ತಳ? ಇದರ ಕಾಲನ್ನೆಲ್ಲ ಮಟ್ಟ ಮಾಡಿದ್ದೀನಿ. ಈಗ ಅಲ್ಲಾಡದೆ ನಿಲ್ತದೆ ನೋಡು" ಅಂತ ಮುನಿಸ್ವಾಮಿ ಅದನ್ನು ತಲೆಕೆಳಗಾಗಿ ನಿಲ್ಲಿಸಿ ತೋರಿಸಿದ. ನಿಜ, ಅಲ್ಲಾಡಲಿಲ್ಲ.

ಉಮಾಶಂಕರ ಅದನ್ನು ಕಿತ್ತುಕೊಂಡು ಅಂಗಡಿಯೊಳಗೆ ಹೋಗಿ ಷಟರನ್ನು ಅರ್ಧ ಎಳೆದುಕೊಂಡ. ಕಾದ ಶೀಟಿನ ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತರಿ ಹಾಳೆ, ಅದಕ್ಕಿಂತ ನಯದ್ದು, ಕೊನೆಗೆ ರೇಷ್ಮೆಯಂಥದ್ದು, ಹೀಗೆ ಒಂದೊಂದಾಗಿ ಉಜ್ಜುತ್ತಾ ಹೋದ. ನೀರು ಚಿಮುಕಿಸುವ ಅಗತ್ಯವೇ ಬೀಳಲಿಲ್ಲ, ಹಣೆಯ ಬೆವರೇ ತೊಟ್ಟಿಕ್ಕುತ್ತಿತ್ತು. ಕೊನೆಗೊಮ್ಮೆ ಒರೆಸಿ ನೋಡಿದಾಗ ತಳದಲ್ಲಿ ಒಂದು ಮುಖ ಕಾಣಿಸಿತು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿದಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಷ್ಟು ನುಣ್ಣಗೆ ಉಜ್ಜಬೇಕಾಗಿರಲಿಲ್ಲ ಅಂತ ಅವನಿಗೆ ಅನ್ನಿಸಿತು.

ಅದನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ತಾಯಿ ಮಾರಕ್ಕ ಊಟದ ಕ್ಯಾರಿಯರ್ ಹಿಡಿದು ಷಟರಿನ ಕೆಳಗೆ ನುಸುಳಿ ಬಂದಿದ್ದಳು. ಕನ್ನಡಿಯಂಥ ತಳಕ್ಕೆ ಆಗಲೇ ಅರಿಶಿನ ಬಳಿದು ಮೂರು ಕುಂಕುಮದ ಬೊಟ್ಟು ಇಟ್ಟಾಗಿತ್ತು.

"ಅಮ್ಮಾ, ಏನಮ್ಮಾ ಇದು!"

"ಮೂರನೇ ಸಲ ಕೇಳ್ತಾ ಇರೋದು ಮಗಾ. ಪೂಜೆ ಇಲ್ದೆ ಕೇಳಿದ್ರೆ ಯಾವ ದೇವರು ಬಲಗಡೆ ಕೊಡ್ತದೆ?" ಅವಳು ಕ್ಯಾರಿಯರ್ ಕೆಳಗಿಟ್ಟಳು. "ನನ್ನ ಕೈಲಿ ಇನ್ನು ಒಬ್ಬಳೇ ಮುದ್ದೆ ತೊಳಸಕ್ಕಾಗಲ್ಲ ಕಣೋ."

ಉಮಾಶಂಕರನಿಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ, ಅಳುವೇ ಬಂತು. ಅರಿಶಿನ ಒರೆಸಿ, ಕೊನೆಯ ಹಾಳೆಯಲ್ಲಿ ಮತ್ತೆ ನಾಲ್ಕು ಸಲ ಉಜ್ಜಿ, ಪ್ರೊಸೆಸರಿನ ಮೇಲೆ ಬಿಳೀ ಪೇಸ್ಟು ಹಚ್ಚಿದ. ಎಲೆಯಡಿಕೆ ಜಗಿಯುತ್ತಾ ನೋಡುತ್ತಿದ್ದ ಮಾರಕ್ಕ, "ಸುಣ್ಣ ಜಾಸ್ತಿ ಆಯ್ತು, ನಾಲಿಗೆ ಸುಟ್ಟೋಯ್ತದೆ" ಅಂದಳು. ಹೀಟ್‌ಸಿಂಕನ್ನು ಕೂರಿಸಿ, ಫ್ಯಾನು ಹಾಕಿ ವೈರು ಸಿಕ್ಕಿಸಿ, ಕಂಪ್ಯೂಟರ್ ಹಾಕಿದ. ಮುಚ್ಚಳ ಹಾಕಿರಲಿಲ್ಲ, ಅಷ್ಟರಲ್ಲೇ ಷಟರಿನ ಆಚೆ ದೊಡ್ಡಮುನಿಯಪ್ಪನವರ ಕೆಮ್ಮು ಕೇಳಿಸಿತು.

ದೊಡ್ಡಮುನಿಯಪ್ಪ ಹೆಂಡತಿ ಮುನಿತಾಯಮ್ಮನನ್ನೂ ಕರೆದುಕೊಂಡು ಬಂದಿದ್ದರು. ಗಂಡ ಬೆಂಚಿನ ಈ ತುದಿಗೆ ಕೂತರು, ಹೆಂಡತಿ ಆ ತುದಿಗೆ ಕೂತು ಗೋಡೆ ನೋಡಿದಳು. ಬಸ್ಸಿನಲ್ಲೂ ಹಾಗೇ ಕೂತು ಬಂದಿದ್ದರೆಂದು ಕಾಣುತ್ತಿತ್ತು. ಆದಿಲಕ್ಷ್ಮಮ್ಮ ಕಾಫಿ ಕೊಡುವ ನೆಪದಲ್ಲಿ ಬಂದಳು. ಮುನಿಸ್ವಾಮಿ ನೆಪವಿಲ್ಲದೆಯೇ ಬಂದ. ಸಾಲಾವಳಿಗೆಂದು ಬಂದಿದ್ದ ಇನ್ನಿಬ್ಬರು ಗಿರಾಕಿಗಳು ಬಾಗಿಲಲ್ಲಿ ನಿಂತರು.

ಉಮಾಶಂಕರ ತನ್ನದೂ ರಂಜಿತಳದೂ ವಿವರ ಹಾಕಿ ಗುಂಡಿ ಒತ್ತಿದ. ಎಲ್ಲರೂ ಪರದೆಯ ಕಡೆ ಬಗ್ಗಿದರು. ಹೋದ ಎರಡು ಸಲವೂ ಎಲ್ಲಿ ನಿಂತಿತ್ತೋ ಆ ಜಾಗ ಬಂತು. ದಾಟಿತು. ಗ್ರಹಮೈತ್ರಿ ಬಂತು, ದಾಟಿತು. ನಾಡಿಯೂ ದಾಟಿತು. ಪ್ರಿಂಟರ್ ಕಿರ್ ಕಿರ್ ಅನ್ನುತ್ತಾ ಕಾಗದ ಕಕ್ಕಿತು. ಮೂವತ್ತಾರಕ್ಕೆ ಇಪ್ಪತ್ತೊಂಬತ್ತು.

ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡಮುನಿಯಪ್ಪ, "ಕೂಡಿ ಬಂತಲ್ಲಪ್ಪ, ಸಂತೋಷ!" ಅಂತ ಉಮಾಶಂಕರನ ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿಸಿಕೊಂಡಷ್ಟು ಹೊತ್ತು ಉಮಾಶಂಕರ ಸುಖವಾಗಿದ್ದ.

"ಬರ್ದೆ ಏನ್ ಮಾಡ್ತದೆ ಯಜಮಾನ್ರೇ?" ಅಂದ ಮುನಿಸ್ವಾಮಿ. "ಬೆಳಿಗ್ಗೆಯಿಂದ ನಾನೇ ಉಜ್ಜಿ ಮಟ್ಟ ಮಾಡಿದ್ದೀನಿ. ಇನ್ನು ಇದು ನಿಲ್ಲೋ ಮಾತೇ ಇಲ್ಲ."

"ನಾನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದೀನಿ" ಅಂದಳು ಆದಿಲಕ್ಷ್ಮಮ್ಮ.

ಬೆನ್ನ ಮೇಲಿನ ಕೈ ಅಲ್ಲೇ ತಡೆಯಿತು. "ನಿಲ್ಲೋದೇ ಇಲ್ವಾ? ಬ್ಯಾಡದ ಸಂಬಂಧಕ್ಕೂ ನಿಲ್ಲಲ್ವಾ?" ದೊಡ್ಡಮುನಿಯಪ್ಪ ಕಣ್ಣು ಕಿರಿದು ಮಾಡಿ ಯೋಚಿಸಿದರು. "ಒಂದು ಕೆಲಸ ಮಾಡಪ್ಪ. ಯುಗಾದಿ ಆದ್ಮೇಲೆ ಎರಡು ಜಾತಕ ತಂದಿದ್ನಲ್ಲ, ಅದನ್ನ ಇನ್ನೊಂದ್ಸಲ ಹಾಕು. ಅವತ್ತು ಅದಕ್ಕೆ ನಿಂತಿತ್ತು. ಇವತ್ತೂ ನಿಂತ್ರೆ ನಿನ್ನ ಮೆಷಿನ್ನು ನಿಜ ಹೇಳ್ತದೆ ಅಂತ."

"ಯಜಮಾನ್ರೇ, ಈಗ ಯಾಕೆ..."

"ಹಾಕಪ್ಪ. ಗಂಡು ಮೃಗಶಿರ. ಹೆಣ್ಣು ರೋಹಿಣಿ, ಕಡ್ಲೆಕಾಯಿ ಕೀಳೋ ಕಾಲ, ಎಮ್ಮೆ ಕರೆಯೋ ಹೊತ್ತು."

ಈ ಕಂಪ್ಯೂಟರ್ ನಿಲ್ಲಲಿ ಅಂತ ಉಮಾಶಂಕರ ದೇವರನ್ನು ಬೇಡಿಕೊಂಡದ್ದು ಅದೇ ಮೊದಲು. ಅದು ನಿಲ್ಲಲಿಲ್ಲ. ಮಂಜುಗಡ್ಡೆಯ ಮೇಲೆ ಜಾರಿದ ಹಾಗೆ ಕೊನೆಯವರೆಗೂ ಹೋಗಿ, ಕಾಗದ ಕಕ್ಕಿತು. ಮೂವತ್ತಾರಕ್ಕೆ ಮೂವತ್ನಾಲ್ಕು. ಅತ್ಯುತ್ತಮ ದಾಂಪತ್ಯ.

ಗೋಡೆ ನೋಡುತ್ತಿದ್ದ ಮುನಿತಾಯಮ್ಮ ನಿಧಾನವಾಗಿ ಈ ಕಡೆ ತಿರುಗಿದಳು. "ರೋಹಿಣಿ, ಕಡ್ಲೆಕಾಯಿ ಕೀಳೋ ಕಾಲ, ಎಮ್ಮೆ ಕರೆಯೋ ಹೊತ್ತು. ಅದು ನಾನು ಹುಟ್ಟಿದ್ದಲ್ವಾ?"

ದೊಡ್ಡಮುನಿಯಪ್ಪ ಪ್ರಿಂಟರ್ ಕಡೆ ನೋಡಿದರು.

"ನಂದೂ ನಿಂದೂ ಹಾಕ್ಸಿದ್ದಾ? ಅವತ್ತು ಅದು ನಿಂತಿತ್ತಾ? ಅದಕ್ಕೇನಾ ಯುಗಾದಿಯಿಂದ ಒಬ್ಬೊಬ್ಬನೇ ನಗ್ತಾ ಓಡಾಡ್ತಾ ಇದ್ದಿದ್ದು!"

"ಮತ್ತಿನ್ನೇನೇ? ಮೂವತ್ತು ವರ್ಷದಿಂದ ನಾನು ಬಾಯಿ ಬಿಟ್ಟು ಹೇಳಕ್ಕಾಗದ್ದನ್ನ ಈ ಮೆಷಿನ್ನು ಹೇಳಿತ್ತು, ಅದಕ್ಕೆ ನಂಬಿದ್ದೆ" ಅಂತ ದೊಡ್ಡಮುನಿಯಪ್ಪ ಗುಡುಗಿದರು. ಉಮಾಶಂಕರನ ಕಡೆ ತಿರುಗಿ, "ನಂಗೂ ಇವಳಿಗೂ ಮೂವತ್ನಾಲ್ಕು ಕೊಡೋ ಮೆಷಿನ್ನು ಯಾರಿಗೆ ಏನ್ ತಾನೇ ಕೊಡಲ್ಲ? ಇದು ಸುಳ್ಳು ಕಲಿತೈತೆ. ಉಜ್ಜಿ ಉಜ್ಜಿ ಕೆಡ್ಸಿದ್ದೀಯ ನೀನು. ಇದರ ಮಾತು ಕೇಳಿ ಹೆಣ್ಣು ಕೊಡಕ್ಕಾಗಲ್ಲ" ಅಂದರು.

ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಉಮಾಶಂಕರ ಮುನಿತಾಯಮ್ಮನ ಮುಖ ನೋಡಿದ. "ಅಮ್ಮಾವ್ರೇ, ಅದು ಸುಳ್ಳು ಹೇಳಲ್ಲ. ಕೂಡಿ ಬಂದಿರೋದು ನಿಜ. ನೀವಾದ್ರೂ ಹೇಳಿ."

"ನಿಜಾನೇ ಇರ್ಲಿ" ಅಂದಳು ಮುನಿತಾಯಮ್ಮ. "ಮೂವತ್ನಾಲ್ಕು ಕೂಡಿ ಬಂದಿರೋದಕ್ಕೇ ನನ್ನ ಬಾಳು ಹಿಂಗಾಗೈತೆ. ಬರೀ ಇಪ್ಪತ್ತೊಂಬತ್ತಕ್ಕೆ ನನ್ನ ಮಗಳನ್ನ ಕೊಡ್ಲಾ?"

ಮೂವತ್ತು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಮಾತಿಗೆ ಬಂದದ್ದು ಅದೇ ಮೊದಲಿರಬೇಕು. ಇಬ್ಬರೂ ಒಟ್ಟಿಗೆ ಎದ್ದರು. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ರಸ್ತೆ ದಾಟುವಾಗ ದೊಡ್ಡಮುನಿಯಪ್ಪ ಹೆಂಡತಿಯ ತೋಳು ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ. ಆ ಹುಡುಗನನ್ನೂ ಅವನ ಮೆಷಿನ್ನನ್ನೂ ಇಬ್ಬರೂ ಸೇರಿ ಬೈಯುತ್ತಾ ಹೋಗಿ, ತ್ಯಾಮಗೊಂಡ್ಲು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು. ಮೂವತ್ನಾಲ್ಕು ಸರಿಯಾಗೇ ಇದೆ ಅಂತ ಉಮಾಶಂಕರನಿಗೆ ಬಾಗಿಲಲ್ಲಿ ನಿಂತೇ ಗೊತ್ತಾಯಿತು. ಅದನ್ನು ಕೇಳಬೇಕಾದವರು ಬಸ್ಸಿನಲ್ಲಿದ್ದರು.

ಸಾಲಾವಳಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಪಿಸುಪಿಸು ಮಾತಾಡಿಕೊಂಡರು. "ಈಗ ಎಲ್ಲಾದಕ್ಕೂ ಹೂಂ ಅಂತಂತೆ. ದೇವರು ಬಿಟ್ಟೋಗೈತೆ" ಅಂತ ಚಪ್ಪಲಿ ಹಾಕಿಕೊಂಡು ಹೊರಟರು. ಮಾರಕ್ಕ ಕ್ಯಾರಿಯರ್ ಬಿಚ್ಚಿ, ಯಾರೂ ಉಣ್ಣದ ಮುದ್ದೆ ನೋಡಿ ಮತ್ತೆ ಮುಚ್ಚಿದಳು. ಆದಿಲಕ್ಷ್ಮಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡಳು.

"ಏನೇ ಆಗ್ಲಿ ಗುರು, ಫೇಸಿಂಗ್ ಮಾತ್ರ ಚೆನ್ನಾಗಿ ಬಂದೈತೆ" ಅಂದ ಮುನಿಸ್ವಾಮಿ.

ಎಲ್ಲರೂ ಹೋದ ಮೇಲೆ ಉಮಾಶಂಕರ ಕಂಪ್ಯೂಟರಿನ ಮುಂದೆ ಕೂತ. ಹೀಟ್‌ಸಿಂಕಿನ ಮೇಲಿನ ಫ್ಯಾನಿನ ವೈರು ಕಿತ್ತ, ಅದು ಮತ್ತೆ ಬಿಸಿಯಾಗಲಿ ಅಂತ. ಮೃಗಶಿರ ಗಂಡನ್ನೂ ರೋಹಿಣಿ ಹೆಣ್ಣನ್ನೂ ಮತ್ತೆ ಹಾಕಿ ಗುಂಡಿ ಒತ್ತಿ, ಗಲ್ಲಕ್ಕೆ ಕೈಕೊಟ್ಟು ಕಾದ. ಇವತ್ತು ಒಂದು ಸಲ ನಿಂತುಬಿಟ್ಟರೆ ಓಡಿ ಹೋಗಿ ಬಸ್ಸು ತಡೆಯಬಹುದು.

ಪ್ರಿಂಟರ್ ಕಿರ್ ಕಿರ್ ಅಂದಿತು. ಮೂವತ್ತಾರಕ್ಕೆ ಮೂವತ್ನಾಲ್ಕು. ಹೊರಗೆ ತ್ಯಾಮಗೊಂಡ್ಲು ಬಸ್ಸಿನ ಕಂಡಕ್ಟರು ರೈಟ್ ರೈಟ್ ಅನ್ನುತ್ತಿದ್ದ. ಉಮಾಶಂಕರ ಹೀಟ್‌ಸಿಂಕಿಗೆ ಬೆರಳಿಟ್ಟು ನೋಡಿದ. ಇನ್ನೂ ತಣ್ಣಗೇ ಇತ್ತು.